ಎಂಟು ಅಡಿ ದೂರದಲ್ಲಿ ಕೂತವರಿಗೆ ಎಷ್ಟು ಚುಕ್ಕೆ ಬೇಕು

ಒಂದೇ ಕಂಪನಿಯ ಎರಡು ಟೀವಿಗಳು ಅಂಗಡಿಯ ಗೋಡೆಯ ಮೇಲೆ ಅಕ್ಕಪಕ್ಕ ಇವೆ ಎಂದಿಟ್ಟುಕೊಳ್ಳಿ. ಎರಡೂ 43 ಇಂಚಿನವು. ಒಂದಕ್ಕೆ ಫುಲ್ ಎಚ್‌ಡಿ ಎಂಬ ಚೀಟಿ, ಇನ್ನೊಂದಕ್ಕೆ 4ಕೆ ಎಂಬ ಚೀಟಿ. ನಡುವೆ ಐದಾರು ಸಾವಿರ ರೂಪಾಯಿಯ ಅಂತರ. ಹಬ್ಬದ ಹೊತ್ತಿನ ಎಕ್ಸ್‌ಚೇಂಜ್ ಆಫರ್, ಬಡ್ಡಿಯಿಲ್ಲದ ಕಂತು ಎಲ್ಲ ಸೇರಿದರೆ ಆ ಅಂತರ ತಿಂಗಳಿಗೆ ಕೆಲವು ನೂರು ರೂಪಾಯಿಗಳಷ್ಟೇ ಆಗಿ ಕಾಣುತ್ತದೆ. ‘ಹೇಗೂ ತಗೊಳ್ತಿದ್ದೀವಿ, ಒಳ್ಳೇದನ್ನೇ ತಗೊಳ್ಳೋಣ’ ಎಂದು ಮನೆಯವರು 4ಕೆ ಕಡೆಗೆ ವಾಲುವುದು ಸಹಜ. ಅಂಗಡಿಯವರು ‘ನಾಲ್ಕು ಪಟ್ಟು ಕ್ಲಾರಿಟಿ’ ಎನ್ನುವುದರಲ್ಲಿ ಅರ್ಧ ನಿಜವೂ ಇದೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳು. 4ಕೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು 82,94,400. ಚುಕ್ಕೆ ನಾಲ್ಕು ಪಟ್ಟಾದದ್ದು ಹೌದು. ಆದರೆ ಕ್ಲಾರಿಟಿ ಎನ್ನುವುದು ಪರದೆಯ ಮೇಲೆ ಎಣಿಸುವ ವಸ್ತುವಲ್ಲ, ಸೋಫಾದ ಮೇಲೆ ಕೂತವರ ಕಣ್ಣಿಗೆ ಬಂದು ತಲುಪಬೇಕಾದದ್ದು. ನಮ್ಮ ಮನೆಗಳ ಹಾಲ್‌ಗಳಲ್ಲಿ, ನಾವು ದಿನವೂ ನೋಡುವ ಚಾನೆಲ್‌ಗಳಿಗೆ, 43 ಇಂಚಿನ ಅಳತೆಯಲ್ಲಿ ಆ ಹೆಚ್ಚಿನ ಚುಕ್ಕೆಗಳು ಬಹುಪಾಲು ದಾರಿಯಲ್ಲೇ ಕಳೆದುಹೋಗುತ್ತವೆ. ಅವುಗಳಿಗಾಗಿ ಕೊಡುವ ಹಣವನ್ನು ಬೇರೆ ಕಡೆ ಹಾಕಿದರೆ ಅದು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ನಾನು ಹೇಳಬೇಕೆಂದಿರುವುದು ಇದನ್ನೇ.

ಲೆಕ್ಕವನ್ನು ಟೀವಿಯಿಂದ ಶುರುಮಾಡದೆ ಕಣ್ಣಿನಿಂದ ಶುರುಮಾಡೋಣ. ಕಣ್ಣಿನ ಡಾಕ್ಟರ ಕೋಣೆಯಲ್ಲಿ ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಒಂದು ಪಟ್ಟಿ ತೂಗುತ್ತಿರುತ್ತದಲ್ಲ, ಅದರ ಮೂಲರೂಪವನ್ನು ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ. ಆರು ಮೀಟರ್ ದೂರದಿಂದ ‘6/6’ ಎಂಬ ಸಾಲನ್ನು ಓದಿದವರ ದೃಷ್ಟಿ ಸರಿಯಾಗಿದೆ ಎಂದು ಅರ್ಥ. ಆ ಸಾಲಿನ ಅಕ್ಷರದ ಎತ್ತರ 9 ಮಿಲಿಮೀಟರ್‌ಗಿಂತ ತುಸು ಕಡಿಮೆ. ಅಕ್ಷರದ ಗೆರೆಯ ದಪ್ಪ ಅದರ ಐದರಲ್ಲೊಂದು ಭಾಗ, ಅಂದರೆ ಸುಮಾರು 1.75 ಮಿಲಿಮೀಟರ್. ಅದಕ್ಕಿಂತ ಸಣ್ಣದಾದ ಎರಡು ಗೆರೆಗಳನ್ನು ಅಷ್ಟು ದೂರದಿಂದ ಸಾಮಾನ್ಯ ದೃಷ್ಟಿ ಬೇರೆಬೇರೆಯಾಗಿ ಗುರುತಿಸುವುದಿಲ್ಲ, ಎರಡೂ ಕಲಸಿಹೋಗುತ್ತವೆ. ಇದೇ ಅಳತೆಯನ್ನು ಟೀವಿಯ ಮುಂದೆ ಎಂಟು ಅಡಿ ದೂರಕ್ಕೆ ಇಳಿಸಿದರೆ ಬರುವುದು ಸುಮಾರು 0.7 ಮಿಲಿಮೀಟರ್. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಅದನ್ನು 1920ರಿಂದ ಭಾಗಿಸಿದರೆ ಫುಲ್ ಎಚ್‌ಡಿಯ ಒಂದು ಚುಕ್ಕೆ ಅರ್ಧ ಮಿಲಿಮೀಟರ್ ಆಗುತ್ತದೆ. ಅಂದರೆ ಕಣ್ಣು ಬಿಡಿಸಿ ನೋಡಬಲ್ಲ ಅಳತೆಗಿಂತ ಅದು ಆಗಲೇ ಸಣ್ಣದು. 4ಕೆಯ ಚುಕ್ಕೆ ಕಾಲು ಮಿಲಿಮೀಟರ್. ಕಾಣದಷ್ಟು ಸಣ್ಣದಾಗಿರುವುದನ್ನು ಇನ್ನೂ ಸಣ್ಣದಾಗಿ ಹೆಚ್ಚಿ ಕೊಟ್ಟಂತಾಯಿತು. ಚುಕ್ಕಿ ರಂಗೋಲಿಯನ್ನು ಬಾಗಿಲ ಬಳಿ ಬಗ್ಗಿ ನೋಡಿದರೆ ಚುಕ್ಕಿಗಳನ್ನು ಎಣಿಸಬಹುದು. ರಸ್ತೆಯ ಆಚೆ ಬದಿಯಿಂದ ಹೂವಿನ ಆಕಾರ ಮಾತ್ರ ಕಾಣುತ್ತದೆ, ನಡುವೆ ಇನ್ನೆಷ್ಟು ಚುಕ್ಕಿ ಇಟ್ಟರೂ ಆ ಹೂವು ಬದಲಾಗುವುದಿಲ್ಲ. ಇದೇ ಲೆಕ್ಕದಂತೆ 43 ಇಂಚಿನ ಟೀವಿಯಲ್ಲಿ 4ಕೆಯ ಲಾಭ ಸಿಗಬೇಕಾದರೆ ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. 55 ಇಂಚಿಗೆ ಆ ಗಡಿ ಸುಮಾರು ಏಳು ಅಡಿ, 65 ಇಂಚಿಗೆ ಎಂಟೂವರೆ ಅಡಿ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಪಕ್ಕಕ್ಕೆ ಸರಿಸುವುದು ಸರಿಯಲ್ಲ. 6/6 ಎನ್ನುವುದು ದೃಷ್ಟಿಯ ತುತ್ತತುದಿಯೇನಲ್ಲ. ಆರೋಗ್ಯವಂತ ಯುವಕರು ಅದಕ್ಕಿಂತ ಸೂಕ್ಷ್ಮವಾಗಿ ನೋಡುತ್ತಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಕಂಪನಿಯ ಸಂಶೋಧಕರು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪರದೆಯ ಮೇಲೆಯೇ ಅಳೆದು ತೋರಿಸಿತು. ಹಳೆಯ ಲೆಕ್ಕದಲ್ಲಿ ದೃಷ್ಟಿಯ ಒಂದು ಡಿಗ್ರಿ ಕೋನಕ್ಕೆ 60 ಚುಕ್ಕೆ ಸಾಕು. ಇವರಿಗೆ ಸಿಕ್ಕ ಸರಾಸರಿ, ಕಪ್ಪು-ಬಿಳುಪು ಚಿತ್ರಕ್ಕೆ 94. ಕೆಂಪು-ಹಸಿರಿನ ವ್ಯತ್ಯಾಸಕ್ಕೆ 89, ಹಳದಿ-ನೇರಳೆಗೆ 53. ಹಾಗಾದರೆ ನನ್ನ ಲೆಕ್ಕ ಬಿದ್ದುಹೋಯಿತೇ? 94ರ ಅಳತೆಯನ್ನೇ ಹಿಡಿದು ಮತ್ತೆ ಲೆಕ್ಕ ಹಾಕಿದರೆ, ಎಂಟು ಅಡಿಯಲ್ಲಿ ಕಣ್ಣು ಗುರುತಿಸಬಲ್ಲ ಚುಕ್ಕೆ 0.45 ಮಿಲಿಮೀಟರ್. ಫುಲ್ ಎಚ್‌ಡಿಯ ಅರ್ಧ ಮಿಲಿಮೀಟರ್ ಚುಕ್ಕೆ ಆ ಗೆರೆಯಿಂದ ಕೂದಲೆಳೆಯಷ್ಟು ಆಚೆ ಉಳಿಯುತ್ತದೆ. ಸೋಫಾವನ್ನು ಒಂದಡಿ ಹಿಂದಕ್ಕೆ ಸರಿಸಿದರೆ ಆ ಅಂತರವೂ ಇಲ್ಲ. ಆ ಸಂಶೋಧಕರೇ ಕೊಟ್ಟ ಉದಾಹರಣೆಯೂ ನನ್ನ ಮಾತಿಗೆ ಹತ್ತಿರದ್ದು: ಎರಡೂವರೆ ಮೀಟರ್ ದೂರದಿಂದ 44 ಇಂಚಿನ ಟೀವಿ ನೋಡುವವರಿಗೆ, ಫುಲ್ ಎಚ್‌ಡಿಗೂ 4ಕೆಗೂ ನಡುವಿನದಾದ 2560×1440 ಚುಕ್ಕೆಗಳಿಗಿಂತ ಹೆಚ್ಚು ಇದ್ದರೆ ಬರುವ ಲಾಭವೇನೂ ಇಲ್ಲ. ಅಷ್ಟೇ ಅಲ್ಲ, ಆ ಪ್ರಯೋಗದಲ್ಲಿ ತೋರಿಸಿದ್ದು ಸ್ಪಷ್ಟವಾದ ಸೂಕ್ಷ್ಮ ಗೆರೆಗಳನ್ನು, ಮಿಸುಕದ ಚಿತ್ರಗಳನ್ನು. ಓಡುವ ಬ್ಯಾಟ್ಸ್‌ಮನ್, ತಿರುಗುವ ಕ್ಯಾಮೆರಾ, ಧಾರಾವಾಹಿಯ ಅತ್ತೆಯ ಮುಖ ಇವೆಲ್ಲ ಅದಕ್ಕಿಂತ ಬಹಳ ಮೃದುವಾದ ಚಿತ್ರಗಳು.

ಕಣ್ಣಿನದು ಅರ್ಧ ಕತೆ. ಇನ್ನರ್ಧ, ಟೀವಿಗೆ ಬಂದು ಸೇರುವ ಚಿತ್ರದ್ದು, ಮತ್ತು ನಮ್ಮ ಮಟ್ಟಿಗೆ ಇದೇ ದೊಡ್ಡ ಅರ್ಧ. ಕೇಬಲ್‌ನಲ್ಲೋ ಡಿಶ್‌ನಲ್ಲೋ ಬರುವ ಸಾಮಾನ್ಯ ಚಾನೆಲ್, ಅಂದರೆ ಎಸ್‌ಡಿ ಚಾನೆಲ್, ಹೆಚ್ಚೆಂದರೆ 720×576 ಚುಕ್ಕೆಗಳನ್ನು ಹೊತ್ತು ತರುತ್ತದೆ. ಗುಣಿಸಿದರೆ 4,14,720. ಇದನ್ನು ಫುಲ್ ಎಚ್‌ಡಿ ಪರದೆಯ ತುಂಬ ಹರಡಲು ಟೀವಿ ಪ್ರತಿಯೊಂದು ಚುಕ್ಕೆಯಿಂದ ಐದನ್ನು ಮಾಡಬೇಕು. 4ಕೆ ಪರದೆಗೆ ಸರಿಯಾಗಿ ಇಪ್ಪತ್ತನ್ನು ಮಾಡಬೇಕು. ಬಂದ ಒಂದು ನಿಜ, ಕಟ್ಟಿದ ಹತ್ತೊಂಬತ್ತು ಊಹೆ. ದುಬಾರಿ ಟೀವಿಗಳ ಪ್ರೊಸೆಸರ್ ಈ ಊಹೆಯನ್ನು ಚೆನ್ನಾಗಿಯೇ ಮಾಡುತ್ತದೆ. ಕಡಿಮೆ ಬೆಲೆಯ 4ಕೆ ಟೀವಿಗಳಲ್ಲಿ ಅದೇ ಚಾನೆಲ್ ಮೇಣ ಬಳಿದಂತೆ ನುಣುಪಾಗಿ, ಅಂಚುಗಳು ಕದಡಿದಂತೆ ಕಾಣುವುದುಂಟು. ‘ಹಳೇ ಟೀವಿಲೇ ಚೆನ್ನಾಗಿ ಬರ್ತಿತ್ತು’ ಎಂದು ಹೊಸ ಟೀವಿ ತಂದ ವಾರಕ್ಕೇ ಮನೆಯವರು ಹೇಳಿದರೆ ಅದು ಭ್ರಮೆಯಲ್ಲ.

ಇದನ್ನು ಕನ್ನಡಿಗರು ತಮ್ಮ ಲಿಪಿಯಲ್ಲೇ ಪರೀಕ್ಷಿಸಬಹುದು. ಸುದ್ದಿ ಚಾನೆಲ್‌ನ ಕೆಳಗೆ ಸರಿಯುವ ಪಟ್ಟಿಯನ್ನು ನೋಡಿ. ಇಂಗ್ಲಿಷಿನ ದೊಡ್ಡಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಕನ್ನಡಕ್ಕೆ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ, ಕೆಳಗೆ ಒತ್ತು. ‘ರಾಷ್ಟ್ರೀಯ’ ಎಂಬ ಪದದಲ್ಲಿ ಷಕಾರದ ಕೆಳಗೆ ಟಕಾರ, ಅದರ ಬಗಲಲ್ಲಿ ರಕಾರದ ಕೊಂಡಿ. ಎಸ್‌ಡಿ ಚಾನೆಲ್‌ನ 576 ಸಾಲುಗಳಲ್ಲಿ ಆ ಪಟ್ಟಿಗೆ ಸಿಗುವುದೇ ಹತ್ತಿಪ್ಪತ್ತು ಸಾಲು; ಅದರಲ್ಲಿ ಒತ್ತಕ್ಷರದ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು. ತಕಾರದ ಒತ್ತು ಯಾವುದು, ನಕಾರದ ಒತ್ತು ಯಾವುದು ಎಂದು ಗೊತ್ತಾಗದೆ ನಾವು ಪದವನ್ನು ಅಂದಾಜಿನಿಂದ ಓದುತ್ತೇವೆ. ಅದೇ ಪಟ್ಟಿ ಎಚ್‌ಡಿ ಚಾನೆಲ್‌ನ 1080 ಸಾಲುಗಳಲ್ಲಿ ಬಂದಾಗ ಒತ್ತುಗಳು ಬಿಡಿಸಿಕೊಂಡು ನಿಲ್ಲುತ್ತವೆ. ಕನ್ನಡ ಓದುವವರಿಗೆ ಎಸ್‌ಡಿಯಿಂದ ಎಚ್‌ಡಿಗೆ ಹೋಗುವುದು ನಿಜವಾದ ಏಳಿಗೆ, ಅದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ ಅಲ್ಲಿಂದ ಮುಂದೆ 4ಕೆ ಪರದೆ ಆ ಒತ್ತಿಗೆ ಹೊಸದೇನನ್ನೂ ಸೇರಿಸುವುದಿಲ್ಲ, ಏಕೆಂದರೆ ಚಾನೆಲ್‌ನಿಂದ ಹೊರಟಿರುವುದೇ 1080 ಸಾಲು. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಇವೆಲ್ಲಕ್ಕೂ ಎಚ್‌ಡಿ ಅವತರಣಿಕೆಗಳಿವೆ. ಟೀವಿ ಬದಲಿಸದೆಯೇ, ಪ್ಯಾಕ್ ಬದಲಿಸಿದರೆ ಅವು ಮನೆಗೆ ಬರುತ್ತವೆ. ಪ್ಯಾಕ್ ಇದ್ದೂ ಎಚ್‌ಡಿ ಕಾಣದ ಮನೆಗಳಿಗೆ ಕಾರಣ ಸಾಮಾನ್ಯವಾಗಿ ಟೀವಿಯ ಹಿಂದೆ ಇರುತ್ತದೆ: ಸೆಟ್‌ಟಾಪ್ ಬಾಕ್ಸ್‌ನಿಂದ ಟೀವಿಗೆ ಹೋಗಿರುವುದು ಹಳದಿ, ಬಿಳಿ, ಕೆಂಪು ಪಿನ್ನುಗಳ ಹಳೆಯ ತಂತಿ. ಚಿತ್ರ ಹೊರುವ ಆ ಹಳದಿ ತಂತಿಯಲ್ಲಿ ಎಚ್‌ಡಿ ಹರಿಯುವುದೇ ಇಲ್ಲ. ಬಾಕ್ಸ್ ಎಚ್‌ಡಿ ಆಗಿದ್ದರೂ ಟೀವಿಗೆ ತಲುಪುವುದು ಎಸ್‌ಡಿ. ಕೆಲವು ನೂರು ರೂಪಾಯಿಯ ಎಚ್‌ಡಿಎಂಐ ಕೇಬಲ್ ಹಾಕಿದರೆ ಆಗುವ ಬದಲಾವಣೆ, ಎಷ್ಟೋ ಮನೆಗಳಲ್ಲಿ, ಹೊಸ 4ಕೆ ಟೀವಿ ತಂದರೂ ಆಗುವುದಿಲ್ಲ.

‘ಈಗ ಚಾನೆಲ್ ಯಾರು ನೋಡ್ತಾರೆ, ಎಲ್ಲ ಓಟಿಟಿ’ ಎನ್ನುವವರ ಮಾತು ಸುಳ್ಳಲ್ಲ. ಓಟಿಟಿಯಲ್ಲಿ 4ಕೆ ಇದೆ, ಯೂಟ್ಯೂಬ್‌ನಲ್ಲಿ ಧಾರಾಳವಾಗಿದೆ, 2023ರ ಐಪಿಎಲ್ ಪಂದ್ಯಗಳು ಜಿಯೋಸಿನಿಮಾದಲ್ಲಿ 4ಕೆಯಲ್ಲೇ ಬಂದವು. ಆದರೆ ಅದಕ್ಕೆ ತನ್ನದೇ ಬಾಡಿಗೆ ಇದೆ. ನೆಟ್‌ಫ್ಲಿಕ್ಸ್ 4ಕೆ ಕೊಡುವುದು ತನ್ನ ಅತಿ ದುಬಾರಿ ಪ್ಲಾನ್‌ನಲ್ಲಿ. ಅದಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ವೇಗ ಬೇಕು ಎನ್ನುತ್ತದೆ, ಫುಲ್ ಎಚ್‌ಡಿಗಾದರೆ 5 ಸಾಕು. ಗಂಟೆಗೆ ಖರ್ಚಾಗುವ ಡೇಟಾ 4ಕೆಗೆ 7 ಜಿಬಿಯವರೆಗೆ, ಎಚ್‌ಡಿಗೆ 3 ಜಿಬಿಯವರೆಗೆ. ಫೈಬರ್ ಇಂಟರ್ನೆಟ್ ಇರುವ ಮನೆಗೆ ಇದು ಹೊರೆಯಲ್ಲ; ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಟೀವಿ ನೋಡುವ ಮನೆಗೆ ದಿನದ ಡೇಟಾ ಒಂದು ಸಿನಿಮಾ ಮುಗಿಯುವ ಮೊದಲೇ ಮುಗಿಯುತ್ತದೆ. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು: 4ಕೆ ಸ್ಟ್ರೀಮ್ ಎಷ್ಟೋ ಸಲ ಎಚ್‌ಡಿಗಿಂತ ಚೆಂದ ಕಾಣುವುದು ನಿಜ. ಆದರೆ ಆ ಚೆಂದದ ದೊಡ್ಡ ಪಾಲು ಚುಕ್ಕೆಗಳದ್ದಲ್ಲ, ಹೆಚ್ಚಿಗೆ ಹರಿದು ಬರುವ ಮಾಹಿತಿಯದ್ದು. ಚಿತ್ರವನ್ನು ವಿಪರೀತ ಹಿಂಡಿ ಕಳಿಸಿದಾಗ ಮೈದಾನದ ಹುಲ್ಲು ಚೌಕಚೌಕವಾಗಿ ಒಡೆಯುತ್ತದೆ, ರಾತ್ರಿಯ ಆಕಾಶದಲ್ಲಿ ಪಟ್ಟೆಗಳು ಬೀಳುತ್ತವೆ. ಕಡಿಮೆ ಹಿಂಡಿದರೆ ಅದು ತಪ್ಪುತ್ತದೆ. ಚೆನ್ನಾಗಿ ಕಳಿಸಿದ ಫುಲ್ ಎಚ್‌ಡಿ ಚಿತ್ರ, ಹಿಂಡಿ ಹಿಪ್ಪೆ ಮಾಡಿದ 4ಕೆಗಿಂತ ಮೇಲು.

ಸಿನಿಮಾದ ಉದಾಹರಣೆ ಇನ್ನೂ ಸ್ಪಷ್ಟ. ಡಿಜಿಟಲ್ ಸಿನಿಮಾದ 2ಕೆ ಎಂಬ ಮಾನದಂಡ 2048×1080 ಚುಕ್ಕೆಗಳದ್ದು, ಅಂದರೆ ಫುಲ್ ಎಚ್‌ಡಿಗಿಂತ ಎಳ್ಳಷ್ಟು ಹೆಚ್ಚು. ನಮ್ಮ ಊರುಗಳ ಎಷ್ಟೋ ಚಿತ್ರಮಂದಿರಗಳ ನಲವತ್ತು ಅಡಿ ತೆರೆಯ ಮೇಲೆ ಬೀಳುವುದು ಇಷ್ಟೇ. ಅಲ್ಲಿ ಯಾರೂ ‘ಕ್ಲಾರಿಟಿ ಸಾಲದು’ ಎಂದು ಎದ್ದು ಬರುವುದಿಲ್ಲ. ಕತ್ತಲ ಕೋಣೆ, ಕಪ್ಪು-ಬಿಳುಪಿನ ಆಳ, ಎದೆ ನಡುಗಿಸುವ ಶಬ್ದ ಇವು ಸೇರಿ ನಮ್ಮನ್ನು ಕೂರಿಸುತ್ತವೆ. ಇನ್ನು ಹಳೆಯ ಕನ್ನಡ ಚಿತ್ರಗಳು. 1972ರ ‘ಬಂಗಾರದ ಮನುಷ್ಯ’ದಂಥ ಚಿತ್ರಗಳ ಮೂಲ ಫಿಲ್ಮ್‌ನಲ್ಲಿ ವಿವರಕ್ಕೆ ಕೊರತೆಯಿರಲಿಲ್ಲ, ನಾವು ಮನೆಯಲ್ಲಿ ನೋಡುವ ಆ ಕಾಲದ ಎಷ್ಟೋ ಚಿತ್ರಗಳ ಪ್ರತಿಗಳು ಮಾತ್ರ ಸವೆದ ಪ್ರಿಂಟಿನಿಂದ, ಹಳೆಯ ಟೇಪಿನಿಂದ ಇಳಿಸಿದಂಥವು. ಒಳ್ಳೆಯ ನೆಗೆಟಿವ್ ಹುಡುಕಿ, ತೊಳೆದು, ಹೊಸದಾಗಿ ಸ್ಕ್ಯಾನ್ ಮಾಡಿದರೆ ಅವು ಬೆಳಗುತ್ತವೆ. ಆ ಕೆಲಸ ನಡೆಯಲೇಬೇಕು ಎಂಬ ಆಸೆ ನನಗೂ ಇದೆ. ಆದರೆ ಅದನ್ನು ನಮ್ಮ ಗೋಡೆಯ ಮೇಲಿನ ಪರದೆ ಮಾಡಲಾರದು.

‘ಅಷ್ಟೆಲ್ಲ ಲೆಕ್ಕ ಯಾಕೆ, ಅಂಗಡಿಯಲ್ಲಿ ಕಣ್ಣಾರೆ ವ್ಯತ್ಯಾಸ ಕಂಡಿತಲ್ಲ’ ಎಂಬುದು ಎಲ್ಲಕ್ಕಿಂತ ಪ್ರಾಮಾಣಿಕವಾದ ಆಕ್ಷೇಪ. ಕಂಡದ್ದು ನಿಜ. ಕಂಡದ್ದು ಏನು ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು. ಅಂಗಡಿಯಲ್ಲಿ ನಾವು ನಿಲ್ಲುವುದು ಟೀವಿಯಿಂದ ಮೂರು ಅಡಿ ದೂರದಲ್ಲಿ. ಅಷ್ಟು ಹತ್ತಿರದಿಂದ ಫುಲ್ ಎಚ್‌ಡಿಯ ಚುಕ್ಕೆ ಕಾಣಲೇಬೇಕು. ಓಡುತ್ತಿರುವುದು ಕಂಪನಿಯೇ ಕಳಿಸಿದ ವಿಡಿಯೊ: ಜೇನು ಸುರಿಯುವ ಚಮಚ, ಗಿಳಿಯ ರೆಕ್ಕೆ, ನಿಧಾನವಾಗಿ ಅರಳುವ ಹೂವು. ಟೀವಿಯ ಪಿಕ್ಚರ್ ಮೋಡ್ ವಿವಿಡ್‌ನಲ್ಲೋ ಶೋರೂಂ ಮೋಡ್‌ನಲ್ಲೋ ಇರುತ್ತದೆ, ಬೆಳಕು ಮತ್ತು ಬಣ್ಣ ಗರಿಷ್ಠಕ್ಕೆ ಏರಿರುತ್ತವೆ. ಎರಡು ಚಿತ್ರ ಅಕ್ಕಪಕ್ಕ ಇದ್ದಾಗ ಹೆಚ್ಚು ಬೆಳಗುವುದೇ ಹೆಚ್ಚು ಸ್ಪಷ್ಟವಾಗಿದೆ ಎಂದು ನಮ್ಮ ಕಣ್ಣು ಹೇಳಿಬಿಡುತ್ತದೆ. ಮೇಲಾಗಿ ಕಂಪನಿಗಳು ತಮ್ಮ ಒಳ್ಳೆಯ ಪ್ಯಾನೆಲ್, ಒಳ್ಳೆಯ ಬ್ಯಾಕ್‌ಲೈಟ್‌ಗಳನ್ನು 4ಕೆ ಮಾದರಿಗಳಿಗೇ ಮೀಸಲಿಡುತ್ತವೆ. ಹಾಗಾಗಿ ‘4ಕೆ ಚೆನ್ನಾಗಿದೆ’ ಎಂದು ನಾವು ಹೇಳುವಾಗ ಎಷ್ಟೋ ಸಲ ‘ಈ ಪ್ಯಾನೆಲ್ ಚೆನ್ನಾಗಿದೆ’ ಎಂದೇ ಅರ್ಥ. ಪರೀಕ್ಷಿಸುವ ದಾರಿ ಸುಲಭ. ಎರಡರಲ್ಲೂ ಪಿಕ್ಚರ್ ಮೋಡ್ ಅನ್ನು ಸಿನಿಮಾ ಅಥವಾ ಸ್ಟ್ಯಾಂಡರ್ಡ್‌ಗೆ ತರಲು ಹೇಳಿ, ಒಂದೇ ಕನ್ನಡ ಚಾನೆಲ್ ಹಾಕಿಸಿ, ನಿಮ್ಮ ಮನೆಯ ಸೋಫಾ ಎಷ್ಟು ದೂರವಿದೆಯೋ ಅಷ್ಟು ಹಿಂದೆ ಸರಿದು ನಿಲ್ಲಿ. ದೂರವನ್ನು ಮನೆಯಲ್ಲೇ ಟೇಪಿನಿಂದ ಅಳೆದುಕೊಂಡು ಹೋಗಿ. ಅಂದಾಜು ಹೇಳಿದರೆ ಎಲ್ಲರೂ ತಪ್ಪು ಹೇಳುತ್ತಾರೆ.

ಹಾಗಿದ್ದರೆ ಆ ಐದಾರು ಸಾವಿರ ಎಲ್ಲಿ ಹಾಕಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲು ಕಪ್ಪಿನ ಆಳಕ್ಕೆ. ಎಲ್‌ಸಿಡಿ ಟೀವಿಗಳಲ್ಲಿ ಎರಡು ಬಗೆಯ ಪ್ಯಾನೆಲ್‌ಗಳು ಚಾಲ್ತಿಯಲ್ಲಿವೆ. ಐಪಿಎಸ್ ಬಗೆಯದರಲ್ಲಿ ಬಿಳಿಯು ಕಪ್ಪಿಗಿಂತ ಸುಮಾರು ಸಾವಿರ ಪಟ್ಟು ಬೆಳಗಿದರೆ, ವಿಎ ಬಗೆಯದರಲ್ಲಿ ಮೂರು ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು. ರಾತ್ರಿಯ ದೃಶ್ಯದಲ್ಲಿ ಕಪ್ಪು ಬೂದಿಯಂತೆ ಕಾಣುವುದಕ್ಕೂ ಕಾಡಿಗೆಯಂತೆ ಕಾಣುವುದಕ್ಕೂ ಇರುವ ವ್ಯತ್ಯಾಸ ಇದು. ಹತ್ತು ಅಡಿ ದೂರದಿಂದಲೂ ಮಗುವಿಗೂ ಕಾಣುತ್ತದೆ. ಆದರೆ ಐಪಿಎಸ್‌ಗೆ ಇನ್ನೊಂದು ಗುಣವಿದೆ: ಓರೆಯಿಂದ ನೋಡಿದರೂ ಬಣ್ಣ ಮಾಸುವುದಿಲ್ಲ. ಒಬ್ಬರು ಸೋಫಾದಲ್ಲಿ, ಇಬ್ಬರು ಚಾಪೆಯ ಮೇಲೆ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವ ಹಾಲ್‌ಗೆ ಅದೇ ಮೇಲು. ಎಚ್‌ಡಿಆರ್ ಎಂಬ ಚೀಟಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಬೆಳಕಿನ ಏರಿಳಿತವನ್ನು ಹೆಚ್ಚು ವಿಸ್ತಾರವಾಗಿ ತೋರಿಸುವ ಆ ತಂತ್ರ ನಿಜಕ್ಕೂ ದೊಡ್ಡ ಮುನ್ನಡೆ. ಆದರೆ 250–300 ನಿಟ್ ಬೆಳಕಷ್ಟೇ ಸೂಸುವ ಅಗ್ಗದ ಪರದೆ ಆ ಸಿಗ್ನಲ್ ಅನ್ನು ಸ್ವೀಕರಿಸುತ್ತದೆ, ತೋರಿಸುವುದಿಲ್ಲ. ಪ್ಯಾನೆಲ್‌ನ ನಂತರ ಶಬ್ದ. ಬೆರಳಿನಷ್ಟು ತೆಳುವಾದ ಟೀವಿಯ ಹಿಂದೆ, ಕೆಳಮುಖವಾಗಿ ಕೂತ ಸ್ಪೀಕರ್‌ನಿಂದ ಮಾತು ಸ್ಪಷ್ಟವಾಗಿ ಬರುವುದು ಕಷ್ಟ. ಸಾಧಾರಣವಾದ ಒಂದು ಸೌಂಡ್‌ಬಾರ್ ಸಂಭಾಷಣೆಯನ್ನು ಎತ್ತಿಕೊಡುತ್ತದೆ.

ಇನ್ನು ದೊಡ್ಡ ಪರದೆ. 32 ಇಂಚಿಗಿಂತ ದೊಡ್ಡ ಟೀವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ಅಳತೆ ಹೆಚ್ಚಿಸಿಕೊಳ್ಳುವುದು ಹಿಂದಿನಷ್ಟು ಭಾರವಲ್ಲ. 50 ಇಂಚು ದಾಟಿದರೆ ಅಂಗಡಿಯಲ್ಲಿ ಸಿಗುವುದು ಬಹುಮಟ್ಟಿಗೆ 4ಕೆಯೇ. ಅಲ್ಲಿ ಈ ಚರ್ಚೆಗೆ ಜಾಗವಿಲ್ಲ, ಹೆಚ್ಚಿನ ಬೆಲೆಯ ಪ್ರಶ್ನೆಯೂ ಇಲ್ಲ. ಅಲ್ಲಿ ಕಾಡುವುದು 8ಕೆ. ಅದನ್ನು ನಾನು ಒಂದೇ ಮಾತಿನಲ್ಲಿ ಬೇಡ ಎನ್ನುತ್ತೇನೆ. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರ್ 1ರಂದು 8ಕೆ ಪ್ರಸಾರ ಶುರುಮಾಡಿತು, ಆದರೆ ನಮ್ಮ ಮನೆಗಳಿಗೆ ಅಂಥ ಚಾನೆಲ್ ಯಾವುದೂ ಬರುವುದಿಲ್ಲ. 2020ರಲ್ಲಿ ವಾರ್ನರ್ ಬ್ರದರ್ಸ್, ಪಿಕ್ಸಾರ್, ಅಮೆಜಾನ್, ಎಲ್‌ಜಿ ಜೊತೆಗೂಡಿ ನಡೆಸಿದ ಪ್ರಯೋಗದಲ್ಲಿ 88 ಇಂಚಿನ ಪರದೆಯ ಮುಂದೆ ಕೂರಿಸಿದರೂ ಹೆಚ್ಚಿನವರಿಗೆ 4ಕೆಗೂ 8ಕೆಗೂ ವ್ಯತ್ಯಾಸ ಹೇಳಲಾಗಲಿಲ್ಲ. ಟೀವಿ ಮಾರುವ, ಸಿನಿಮಾ ಮಾಡುವ ಕಂಪನಿಗಳೇ ನಿಂತು ನಡೆಸಿದ ಪ್ರಯೋಗ ಅದು.

‘ಇವತ್ತು ಇಲ್ಲದಿದ್ದರೇನು, ನಾಳೆ ಎಲ್ಲ 4ಕೆ ಆಗುತ್ತದೆ’ ಎನ್ನುವವರೂ ಇದ್ದಾರೆ. ಆಗಬಹುದು. ಆದರೆ ಟಾಟಾ ಸ್ಕೈ 4ಕೆ ಸೆಟ್‌ಟಾಪ್ ಬಾಕ್ಸನ್ನು ಭಾರತಕ್ಕೆ ತಂದದ್ದು 2015ರಲ್ಲಿ. ಒಂದು ದಶಕ ಕಳೆದರೂ ನಮ್ಮ ಕನ್ನಡ ಚಾನೆಲ್‌ಗಳು ನಿಂತಿರುವುದು ಎಚ್‌ಡಿಯಲ್ಲೇ. ಜೊತೆಗೆ ಇಂದಿನ ಸ್ಮಾರ್ಟ್ ಟೀವಿಯಲ್ಲಿ ಮೊದಲು ಮುದಿಯಾಗುವುದು ಪರದೆಯಲ್ಲ, ಒಳಗಿನ ಪ್ರೊಸೆಸರ್ ಮತ್ತು ಮೆಮೊರಿ. ಕೆಲವೇ ವರ್ಷಗಳಲ್ಲಿ ಆ್ಯಪ್‌ಗಳು ತಡವರಿಸುತ್ತವೆ, ಅಪ್‌ಡೇಟ್ ನಿಲ್ಲುತ್ತದೆ. ನಾಳೆಯ ಚಿತ್ರಕ್ಕಾಗಿ ಇಂದು ಕೊಂಡ ಟೀವಿ, ಆ ನಾಳೆ ಬರುವ ಹೊತ್ತಿಗೆ ಬದಲಿಸುವ ಹಂತಕ್ಕೆ ಬಂದಿರುತ್ತದೆ. ನಿಜವಾಗಿ 4ಕೆ ಬೇಕಾದವರು ಬೇರೆ: ಟೀವಿಯನ್ನೇ ಕಂಪ್ಯೂಟರ್ ಪರದೆಯಾಗಿ ಬಳಸಿ ಮೂರು ಅಡಿ ದೂರದಿಂದ ಅಕ್ಷರ ಓದುವ ವಿದ್ಯಾರ್ಥಿಗಳು, ಹತ್ತಿರ ಕೂತು ಗೇಮ್ ಆಡುವವರು, ಚಿಕ್ಕ ಕೋಣೆಯಲ್ಲಿ ದೊಡ್ಡ ಪರದೆ ಹಾಕಿಕೊಂಡವರು. ಅವರ ಕಣ್ಣಿಗೆ ಆ ಚುಕ್ಕೆಗಳು ತಲುಪುತ್ತವೆ. ಅವರು ಧೈರ್ಯವಾಗಿ ಕೊಳ್ಳಲಿ.

ಮನೆಯಲ್ಲಿ ಟೀವಿಯನ್ನು ಅತಿ ಹೆಚ್ಚು ಹೊತ್ತು ನೋಡುವವರು ಹಲವು ಕಡೆ ಹಿರಿಯರು. ‘ಮಂಜುಮಂಜಾಗಿ ಕಾಣುತ್ತೆ’ ಎಂದು ಅವರು ಹೇಳಿದಾಗ ಮಕ್ಕಳು ಪ್ರೀತಿಯಿಂದ ಹೊಸ ಟೀವಿ ತರಲು ಹೊರಡುತ್ತಾರೆ. ಪೊರೆ ಬರುತ್ತಿರುವ, ಅಥವಾ ಕನ್ನಡಕದ ನಂಬರು ಹಳೆಯದಾಗಿರುವ ಕಣ್ಣು ಡಾಕ್ಟರ ಪಟ್ಟಿಯಲ್ಲಿ 6/12ರ ಸಾಲಿಗೇ ನಿಂತಿತು ಎನ್ನಿ. ಆ ಕಣ್ಣಿಗೆ ಎಂಟು ಅಡಿಯಿಂದ ಬಿಡಿಸಿ ಕಾಣುವ ಚುಕ್ಕೆ 1.4 ಮಿಲಿಮೀಟರ್. 95 ಸೆಂಟಿಮೀಟರ್ ಅಗಲದ ಪರದೆಯಲ್ಲಿ ಅಂಥವು ಹಿಡಿಸುವುದು 670. ಎಸ್‌ಡಿ ಚಾನೆಲ್ ಕಳಿಸುವುದೇ 720. ಅಂದರೆ ಅವರ ಪಾಲಿಗೆ ಎಸ್‌ಡಿ, ಎಚ್‌ಡಿ, 4ಕೆ ಮೂರೂ ಒಂದೇ ಮಂಜು. ಪೊರೆಯ ಶಸ್ತ್ರಚಿಕಿತ್ಸೆಯಾಗಿ, ಕನ್ನಡಕದ ನಂಬರು ಸರಿಹೋದ ಮೇಲೆ, ಅದೇ ಹಳೆಯ ಟೀವಿಯ ಎಚ್‌ಡಿ ಚಾನೆಲ್‌ನಲ್ಲಿ, ಕೆಳಗೆ ಸರಿಯುವ ಪಟ್ಟಿಯ ಒತ್ತಕ್ಷರಗಳನ್ನು ಅವರು ಕೂತಲ್ಲಿಂದಲೇ ಓದುತ್ತಾರೆ.